ಮೂರನೆಯ ತಂತಿ

ಬೆಳಗಿನ ತಾಲೀಮಿನಲ್ಲಿ ಹರಿಯಿತು.
ಗುಂಡು ಸಿಡಿದ ಸದ್ದು. ಮುಂದಿನ ಸಾಲಿನ ಪಿಟೀಲಿನವಳು
ಕಮಾನು ಅಡ್ಡ ಹಿಡಿದು ಕಣ್ಣು ಮುಚ್ಚಿದಳು.
ಎಮೊಕೆ ಮಾತ್ರ ನಿಲ್ಲಿಸಲಿಲ್ಲ. ಆ ಸಾಲು ಮುಗಿಸಿ
ಕೈ ಮಡಿಲಲ್ಲಿಟ್ಟು, "ಕರಿ ನಾಲ್ಕು, ಕ್ಷಮಿಸಿ" ಎಂದಳು,
ಯಾರದೋ ಮನೆಗೆ ಹೋಗಿ ಬಟ್ಟಲು ಒಡೆದವಳ ಹಾಗೆ.

ನಾನು ಸೆಗೆದ್ ಊರಿನ ಶ್ರುತಿಗಾರ.
ಮೂವತ್ತೊಂದು ವರ್ಷ ಈ ಒಂದು ಪಿಯಾನೊದ
ಹೊಟ್ಟೆಯೊಳಗೆ ತಲೆಯಿಟ್ಟು ಬದುಕಿದವನು.
ಒಂದು ಸ್ವರಕ್ಕೆ ಮೂರು ತಂತಿ, ಗೊತ್ತೆ?
ಒಂದೇ ಒಲೆಯ ಮುಂದೆ ಮೂವರು ಓರಗಿತ್ತಿಯರು.
ಮೂವರದೂ ಒಂದೇ ಮಾತಾದರೆ ಮನೆ;
ಒಬ್ಬಳು ಕೂದಲೆಳೆಯಷ್ಟು ತಗ್ಗಿದರೂ
ಬೀದಿಗೆಲ್ಲ ಕೇಳುತ್ತದೆ.
ಹೊಸ ತಂತಿಯೋ, ಎಷ್ಟು ಬಿಗಿದರೂ ತವರಿನ ಕಡೆಗೇ ಜಾರುತ್ತದೆ.
ಮಧ್ಯಾಹ್ನ ಬಿಗಿದೆ. ಮೂರಕ್ಕೆ ಮತ್ತೆ. ಐದಕ್ಕೆ ಮತ್ತೆ.
ಏಳಕ್ಕೆ ಜನ ಬಂದರು,
ನದಿಯ ಮೇಲಿನ ಮಂಜನ್ನು ಕೋಟಿನಲ್ಲಿ ಹೊತ್ತು.
ಬಿಗಿಗೀಲಿ ಜೇಬಿಗಿಳಿಸಿ, ಬದಿಪರದೆಯ ಹಿಂದೆ
ಮರಳಿನ ಬಕೆಟ್ಟಿನ ಪಕ್ಕದ ಸ್ಟೂಲಿನಲ್ಲಿ ಕೂತೆ.

ಮೊದಲ ಭಾಗ ಬಿರುಗಾಳಿ.
ಬಿರುಗಾಳಿಯಲ್ಲಿ ಯಾರ ಮನೆ ಹೆಂಚು ಸರಿದಿದೆಯೆಂದು
ಯಾರು ನೋಡುತ್ತಾರೆ?
ಬಾರ್ನಬಾಶ್ ಕಡ್ಡಿ ಎತ್ತಿದಾಗಲೆಲ್ಲ
ಕಂಕುಳ ಹೊಲಿಗೆ ಬಿಟ್ಟಿದ್ದು ಕಾಣುತ್ತಿತ್ತು, ನನಗೆ ಮಾತ್ರ.
ಎಮೊಕೆ ಎರಡೂ ಕೈಯಲ್ಲಿ ಮರ ಹಿಡಿದು ಅಲುಗಿಸಿದಳು,
ಹಣ್ಣು, ಎಲೆ, ಗೂಡು, ಎಲ್ಲ ಉದುರಿತು.

ಎರಡನೆಯ ಭಾಗ ಮೆಲ್ಲಗೆ.
ಅಲ್ಲಿ ಅಡಗಲು ಜಾಗವಿಲ್ಲ.
ಲೊರಿಂಟ್ಸ್, ಹಗಲು ಶಾಲೆಯಲ್ಲಿ ಭೂಗೋಳ ಹೇಳುವವನು,
ಕೊಂಬಿನಲ್ಲಿ ಒಂದು ಉದ್ದನೆಯ ಉಸಿರು ಹಿಡಿದ.
ಅದರ ಮೇಲೆ ಅವಳು ಆ ಕರಿ ಮನೆ ಮುಟ್ಟಬೇಕು.

ಮುಟ್ಟಿದಳು.

ಅಲೆ.
ತೀರ ಸಣ್ಣದು. ನಿದ್ದೆಗೆ ಜಾರುವ ಮಗುವಿನ ರೆಪ್ಪೆಯಷ್ಟು.
ನನಗೋ ಹಲ್ಲಿನ ಸಂದಿಗೆ ನಾರು ಸಿಕ್ಕಂತೆ,
ಮುಂದೆ ಏನು ಬಡಿಸಿದರೂ ನಾಲಗೆ ಅಲ್ಲಿಗೇ.
ಆರುನೂರು ಜನ ಪ್ರೇಮ ಕೇಳುತ್ತಿದ್ದರು.
ಔಷಧಿ ಅಂಗಡಿಯ ಹೆಂಗಸು ಕನ್ನಡಕ ತೆಗೆದು
ಕರವಸ್ತ್ರ ಹುಡುಕುತ್ತಿದ್ದಳು.
ನಾನು ಕೇಳಿದ್ದು ಒಂದು ತಂತಿ
ಮೆಟ್ಟಿಲಿಳಿಯುವುದನ್ನು.

ಮತ್ತೆ ಆ ಸ್ವರ ಬಂದಾಗ ಅವಳು
ಜ್ವರದವರ ಹಣೆ ಮುಟ್ಟುವಂತೆ ಮುಟ್ಟಿದಳು.
ಆಮೇಲೆ ಎಡಗೈಯನ್ನು ತುಸು ದಪ್ಪ ಮಾಡಿ
ಅದಕ್ಕೊಂದು ಶಾಲು ಹೊದಿಸಿದಳು.
ಕೊನೆಯ ಸಲ ಬರುವ ಹೊತ್ತಿಗೆ,
ಸನ್ನೆಯಿಲ್ಲ, ತಿರುಗಿ ನೋಡಲಿಲ್ಲ,
ಲೊರಿಂಟ್ಸ್ ತುಟಿ ಸಡಿಲಿಸಿ
ತನ್ನ ಕೊಂಬನ್ನೇ ಒಂದು ಕೂದಲೆಳೆ ಕೆಳಗಿಳಿಸಿದ.
ಭೂಗೋಳದ ಮೇಷ್ಟ್ರು!
ಹಳ್ಳ ಎಲ್ಲಿದೆಯೋ ನೀರು ಅಲ್ಲಿಗೆ.

ಮೂರನೆಯ ಭಾಗ ನಾನು ಸರಿಯಾಗಿ ಕೇಳಲಿಲ್ಲ.

ಚಪ್ಪಾಳೆ. ಹೂವು. ನಾಲ್ಕು ಸಲ ಕರೆದರು.
ಒಳಗೆ ಬಂದಾಗಲೆಲ್ಲ ನನ್ನೆದುರೇ ನಿಂತು ನೀರು ಕುಡಿದಳು.
ಜೇಬಿನಿಂದ ಬಿಗಿಗೀಲಿ ಅರ್ಧ ಎಳೆದು ತೋರಿಸಿದೆ.
ಬೇಡವೆಂದು ಕತ್ತು ಆಡಿಸಿದಳು.
ಹೋಗಿ ಕೂತು, ಮಕ್ಕಳಿಗೆ ಕಲಿಸುವಂಥ
ಒಂದು ಪುಟದ ಏನನ್ನೋ ನುಡಿಸಿದಳು,
ಕರಿ ನಾಲ್ಕರಲ್ಲಿ ಶುರುವಾಗಿ ಕರಿ ನಾಲ್ಕಕ್ಕೇ ಬಂದು ಕೂರುವಂಥದು.
ಕೊನೆಗೆ ಉಳಿದ ಬೆರಳೆಲ್ಲ ಎತ್ತಿ
ಅದೊಂದನ್ನೇ ಒತ್ತಿ ಹಿಡಿದಳು.
ಅದು ತೂಗಿ, ತೂಗಿ, ಆರುವ ತನಕ
ಯಾರೂ ಕೆಮ್ಮಲಿಲ್ಲ.
ನನ್ನನ್ನು ಬೈದಳೋ, ಸಮಾಧಾನ ಹೇಳಿದಳೋ,
ಇವತ್ತಿಗೂ ತಿಳಿದಿಲ್ಲ.

ರಾತ್ರಿ ಟ್ರಾಮಿನ ಕಟ್ಟೆಯ ಮೇಲೆ
ಲೊರಿಂಟ್ಸ್ ಬನ್ನು ತಿನ್ನುತ್ತ ನಿಂತಿದ್ದ,
ಕೊಂಬಿನ ಪೆಟ್ಟಿಗೆ ಕಾಲುಗಳ ನಡುವೆ.
"ಎಷ್ಟು ಇಳಿದಿತ್ತು?" ಎಂದ.
ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತೋರಿಸಿದೆ.
ಅವನು ಬನ್ನನ್ನು ಬಾಯಲ್ಲಿ ಕಚ್ಚಿಕೊಂಡು
ನನ್ನ ಬೆರಳೆರಡನ್ನೂ ಹಿಡಿದು
ಇನ್ನಷ್ಟು ಹತ್ತಿರ ತಂದ.